ಭಾರದ ಆರ್.ಸಿ. ಟ್ರಕ್ ತಗ್ಗಿ ನಿಂತರೆ: ಸ್ಪ್ರಿಂಗ್ ದೋಷ ಹುಡುಕುವ ಕೈಪಿಡಿ

ಆರ್.ಸಿ. ಟ್ರಕ್‌ಗೆ, ಅಂದರೆ ರಿಮೋಟ್‌ನಿಂದ ಓಡಿಸುವ ಸಣ್ಣ ಟ್ರಕ್‌ಗೆ, ದೊಡ್ಡ ಬ್ಯಾಟರಿ ಹಾಕಿದಿರಿ. ಪ್ಲಾಸ್ಟಿಕ್ ಇದ್ದ ಕಡೆ ಲೋಹ ಬಂತು. ಟೈರ್ ದಪ್ಪವಾಯಿತು, ಬಾಡಿಯೊಳಗೆ ರೋಲ್ ಕೇಜ್ (ಮಗುಚಿದಾಗ ಕಾಪಾಡುವ ಸರಳುಗಳ ಗೂಡು) ಕೂತಿತು. ಈಗ ಟ್ರಕ್ ಹಿಂಭಾಗ ತಗ್ಗಿಸಿಕೊಂಡು ನಿಲ್ಲುತ್ತದೆ. ಸಣ್ಣ ಜಿಗಿತಕ್ಕೂ ತಳ ನೆಲಕ್ಕೆ ಬಡಿಯುತ್ತದೆ. ತಿರುವಿನಲ್ಲಿ ವಾಲುತ್ತದೆ. ಆಗ ಎಲ್ಲರಿಗೂ ಮೊದಲು ಹೊಳೆಯುವುದು ಗಟ್ಟಿ ಸ್ಪ್ರಿಂಗ್ ತರಿಸೋಣ ಅಂತ.

ಕೆಲವು ಸಲ ಅದೇ ಸರಿ. ಆದರೆ ಇವೇ ಲಕ್ಷಣಗಳು ಬಿಗಿಯಾದ ಆರ್ಮ್‌ನಿಂದಲೂ (ಚಕ್ರವನ್ನು ಚಾಸಿಗೆ ಜೋಡಿಸುವ, ಮೇಲೆ ಕೆಳಗೆ ಆಡುವ ತೋಳು) ಬರುತ್ತವೆ. ಗಾಳಿ ಸೇರಿದ ಶಾಕ್‌ನಿಂದ (ಸ್ಪ್ರಿಂಗ್ ಒಳಗಿರುವ, ಆಯಿಲ್ ತುಂಬಿದ ಕೊಳವೆ) ಬರುತ್ತವೆ. ಆಯಿಲ್ ತೆಳುವಾದರೂ ಬರುತ್ತವೆ, ಅತಿಯಾಗಿ ದಪ್ಪವಾದರೂ ಬರುತ್ತವೆ. ಅಂಥ ಕಡೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಮೂಲ ದೋಷ ಮುಚ್ಚಿಹೋಗುತ್ತದೆ, ಮೇಲೆ ಹೊಸದೊಂದು ಸೇರಿಕೊಳ್ಳುತ್ತದೆ.

ಒಂದು ಮಾತು ತಲೆಯಲ್ಲಿಟ್ಟುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಭಾರ ಹೊರುವುದು ಸ್ಪ್ರಿಂಗ್ ಕೆಲಸ. ಚಲನೆಯ ವೇಗ ತಡೆಯುವುದು ಶಾಕ್ ಒಳಗಿನ ಆಯಿಲ್ ಮತ್ತು ಅದರಲ್ಲಿ ಆಡುವ ತೂತುಗಳ ಪಿಸ್ಟನ್ ಕೆಲಸ. ಟ್ರಕ್ ನಿಂತಾಗ ಕಾಣುವ ದೋಷವನ್ನು ಸ್ಪ್ರಿಂಗ್ ಕಡೆ ಹುಡುಕಬೇಕು. ಓಡುವಾಗ ಮಾತ್ರ ಕಾಣುವ ದೋಷಕ್ಕೆ ಮೊದಲು ಶಾಕ್ ಒಳಗೆ ನೋಡಬೇಕು.

ಕೆಳಗಿನ ಲೆಕ್ಕಗಳು ನಾಲ್ಕೂ ಚಕ್ರಕ್ಕೆ ಬೇರೆ ಬೇರೆ ಆರ್ಮ್ ಇರುವ, 4 ಕೆ.ಜಿ.ಗಿಂತ ಭಾರದ ಟ್ರಕ್‌ಗಳಿಗೆ ಸರಿಹೊಂದುತ್ತವೆ. ಎರಡೂ ಚಕ್ರಕ್ಕೆ ಒಂದೇ ಗಟ್ಟಿ ಅಚ್ಚು, ಅಂದರೆ ಸಾಲಿಡ್ ಆಕ್ಸಲ್ ಇರುವ ಕ್ರಾಲರ್‌ಗಳ (ಬಂಡೆ ಹತ್ತುವ ಟ್ರಕ್‌ಗಳ) ವಿಷಯ ಕೊನೆಗೆ ಬರುತ್ತದೆ. ಸಾಮಾನು ಹೆಚ್ಚೇನೂ ಬೇಡ: ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ಸ್ಕೇಲು, ಸಾಧ್ಯವಾದರೆ ವರ್ನಿಯರ್ ಕ್ಯಾಲಿಪರ್, ಸಮವಾದ ಮೇಜು.

ಮೊದಲು ಸ್ಪ್ರಿಂಗ್ ಬಿಚ್ಚಿಡಿ

ಟ್ರಕ್ಕನ್ನು ಸ್ಟ್ಯಾಂಡ್ ಮೇಲೆ ಕೂರಿಸಿ, ಚಕ್ರಗಳು ಗಾಳಿಯಲ್ಲಿರಲಿ. ನಾಲ್ಕೂ ಸ್ಪ್ರಿಂಗ್ ತೆಗೆಯಿರಿ. ಶಾಕ್ ಹಾಗೇ ಇರಲಿ. ಆಂಟಿ ರೋಲ್ ಬಾರ್ (ಎಡ ಬಲ ಆರ್ಮ್‌ಗಳನ್ನು ಜೋಡಿಸಿ ವಾಲುವುದನ್ನು ತಡೆಯುವ ತಂತಿ) ಇದ್ದರೆ ಅದರ ಲಿಂಕ್ ಕಳಚಿ. ಈಗ ಒಂದೊಂದೇ ಆರ್ಮನ್ನು ಮೇಲಕ್ಕೆತ್ತಿ ಬಿಡಿ. ಚಕ್ರದ ಭಾರಕ್ಕೆ ಅದು ತಾನಾಗಿ, ನಿಧಾನವಾಗಿ, ತಡೆಯಿಲ್ಲದೆ ಕೊನೆಯವರೆಗೆ ಇಳಿಯಬೇಕು.

ನಡುವೆ ನಿಂತರೆ ಅಲ್ಲೇನೋ ಹಿಡಿಯುತ್ತಿದೆ ಎಂದರ್ಥ. ಆ ಕಡೆಯ ಶಾಕ್‌ನ ಕೆಳ ಸ್ಕ್ರೂ ಬಿಚ್ಚಿ ಇನ್ನೊಮ್ಮೆ ನೋಡಿ. ಈಗ ಆರ್ಮ್ ಸಲೀಸಾಗಿ ಇಳಿದರೆ ದೋಷ ಶಾಕ್‌ನಲ್ಲಿದೆ. ಶಾಫ್ಟ್ (ಶಾಕ್‌ನಿಂದ ಹೊರಬರುವ ಸರಳು) ಬಗ್ಗಿರಬಹುದು, ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಬಳೆ) ಉಬ್ಬಿರಬಹುದು, ತುದಿಯ ಬಾಲ್ ಬಿಗಿಯಾಗಿರಬಹುದು. ಶಾಕ್ ಬಿಚ್ಚಿದರೂ ಆರ್ಮ್ ಬಿಗಿಯಾಗೇ ಇದ್ದರೆ ಆರ್ಮ್ ತಿರುಗುವ ಕೀಲಿನ ಕಡ್ಡಿ, ಅಂದರೆ ಹಿಂಜ್ ಪಿನ್ ಹೊರಗೆಳೆದು ಗಾಜಿನ ಮೇಲೆ ಉರುಳಿಸಿ. ಬಗ್ಗಿದ ಪಿನ್ ಉರುಳುವಾಗ ಕುಂಟುತ್ತದೆ. ಪಿನ್ ನೆಟ್ಟಗಿದ್ದರೆ ತೂತಿನಲ್ಲಿ ಮಣ್ಣು ಕೂತಿದೆಯೇ, ಹೊಸ ಲೋಹದ ಹಬ್‌ನ (ಚಕ್ರ ಕೂರುವ ಭಾಗ) ಪಿಲ್ಲೋ ಬಾಲ್, ಅಂದರೆ ಗುಂಡು ಕೀಲು, ಜಾಸ್ತಿ ಬಿಗಿಯಾಗಿದೆಯೇ ನೋಡಿ. ಚಕ್ರ ತಿರುಗಿಸುವ ಡ್ರೈವ್‌ಶಾಫ್ಟ್ ಉದ್ದವಾಗಿದ್ದರೂ ಹೀಗೇ ಆಗುತ್ತದೆ. ಆರ್ಮ್ ಸಮವಾಗುವ ಹೊತ್ತಿಗೆ ಅದು ಎರಡೂ ತುದಿಗೆ ಒತ್ತಿ ಸಿಕ್ಕಿಹಾಕಿಕೊಳ್ಳುತ್ತದೆ.

ಬಿಗಿಯಾದ ಆರ್ಮ್ ನೀವು ಎಲ್ಲಿ ಒತ್ತಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಹೊರಗಿನಿಂದ ನೋಡುವವರಿಗೆ ಸ್ಪ್ರಿಂಗ್ ಸೋತಂತೆ ಕಾಣುತ್ತದೆ. ಈ ಪರೀಕ್ಷೆ ಬಿಟ್ಟು ಮುಂದೆ ಹೋಗಬೇಡಿ. ಇಲ್ಲಿ ತಪ್ಪಿದರೆ ಮುಂದಿನ ಅಳತೆಗಳೆಲ್ಲ ಸುಳ್ಳಾಗುತ್ತವೆ.

ಶಾಕ್ ಒಳಗೆ ಗಾಳಿ

ಶಾಕ್ ಕೈಯಲ್ಲಿ ಹಿಡಿದು ಶಾಫ್ಟನ್ನು ನಿಧಾನವಾಗಿ ಒಳಗೊತ್ತಿ. ಮೊದಲಿಂದ ಕೊನೆವರೆಗೆ ಒಂದೇ ಹದದ ತಡೆ ಸಿಗಬೇಕು. ಶುರುವಿನಲ್ಲಿ ಖಾಲಿಯೆನಿಸಿ ಆಮೇಲೆ ಹಿಡಿದರೆ, ಅಥವಾ ಕಿವಿ ಹತ್ತಿರ ಹಿಡಿದಾಗ ಪಚಪಚ ಸದ್ದು ಬಂದರೆ ಒಳಗೆ ಗಾಳಿ ಇದೆ, ಆಯಿಲ್ ಕಡಿಮೆ ಇದೆ. ಶಾಫ್ಟ್ ಸುತ್ತ ಒದ್ದೆ ಮಣ್ಣು ಅಂಟಿದ್ದರೆ ಆಯಿಲ್ ಎಲ್ಲಿಂದ ಹೋಯಿತು ಎಂಬುದೂ ಗೊತ್ತಾಯಿತು. ಓ-ರಿಂಗ್ ಬದಲಿಸಿ.

ಆಯಿಲ್ ತುಂಬುವಾಗ ಅವಸರ ಬೇಡ. ಶಾಫ್ಟ್ ಪೂರ್ತಿ ಕೆಳಗಿಳಿಸಿ ಆಯಿಲ್ ಹಾಕಿ, ಪಿಸ್ಟನ್ ಆಯಿಲ್‌ನಿಂದ ಹೊರಗೆ ಬಾರದಂತೆ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ನಿಲ್ಲುವವರೆಗೆ ಶಾಕನ್ನು ನೇರ ನಿಲ್ಲಿಸಿಡಿ. ಇದು ಮುಚ್ಚಳದಲ್ಲಿ ರಬ್ಬರ್ ಬ್ಲಾಡರ್ (ಒತ್ತಿದಾಗ ಕುಗ್ಗುವ ರಬ್ಬರ್ ಚೀಲ) ಇರುವ ಶಾಕ್‌ನ ಮಾತು. ಆಯಿಲ್ ಜೊತೆ ಗಾಳಿಯನ್ನೂ ಬೇಕೆಂದೇ ಬಿಡುವ ಶಾಕ್‌ಗಳೂ ಇವೆ. ಅವುಗಳಲ್ಲಿ ಸದ್ದು ಇದ್ದೇ ಇರುತ್ತದೆ, ಅದು ದೋಷವಲ್ಲ. ಯಾವ ಬಗೆಯದಾದರೂ ಎಡ ಬಲ ಒಂದೇ ಥರ ವರ್ತಿಸಬೇಕು. ಎರಡೂ ಶಾಫ್ಟ್ ಒಟ್ಟಿಗೆ ಒಳಗೊತ್ತಿ ಬಿಟ್ಟಾಗ ಒಂದು ಜಾಸ್ತಿ ಹೊರಬಂದು ಇನ್ನೊಂದು ಅಲ್ಲೇ ಉಳಿದರೆ ಮತ್ತೆ ತುಂಬಿ.

ತೂಕ ಹಾಕಿ, ಬರೆದಿಡಿ

ಸ್ಪ್ರಿಂಗ್ ಮತ್ತೆ ಹಾಕಿ. ಬ್ಯಾಟರಿ, ಬಾಡಿ ಎಲ್ಲ ಇರಲಿ. ಒಂದು ಚಕ್ರದಡಿ ತಕ್ಕಡಿ, ಉಳಿದ ಮೂರರಡಿ ಅಷ್ಟೇ ಎತ್ತರದ ಹಲಗೆ ಅಥವಾ ಪುಸ್ತಕ. ಚಾಸಿಯನ್ನು ಸ್ವಲ್ಪ ಎತ್ತಿ ಬಿಟ್ಟು, ಟ್ರಕ್ ತಾನಾಗಿ ಕೂತ ಮೇಲೆ ಓದಿ. ಆಂಟಿ ರೋಲ್ ಬಾರ್ ಲಿಂಕ್ ಇನ್ನೂ ಕಳಚಿಯೇ ಇರಲಿ.

ಉದಾಹರಣೆಗೆ ಒಂದು ಟ್ರಕ್ ತೆಗೆದುಕೊಳ್ಳೋಣ. ಮುಂದಿನ ಚಕ್ರಗಳಲ್ಲಿ ತಲಾ 1200 ಗ್ರಾಂ, ಹಿಂದೆ ತಲಾ 1600 ಗ್ರಾಂ. ಒಟ್ಟು 5600. ಇದಿಷ್ಟನ್ನೂ ಸ್ಪ್ರಿಂಗ್ ಹೊರುವುದಿಲ್ಲ. ಚಕ್ರ, ಹಬ್, ಆರ್ಮ್‌ನ ಹೊರ ಅರ್ಧದ ಭಾರ ನೇರ ನೆಲಕ್ಕೆ ಹೋಗುತ್ತದೆ. ಚಕ್ರ ಬಿಚ್ಚಿ ತೂಗಿ, ಉಳಿದದ್ದನ್ನು ಅಂದಾಜು ಸೇರಿಸಿ. ದೊಡ್ಡ ಟೈರಿನ ಟ್ರಕ್‌ನಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಇಲ್ಲಿ 400 ಗ್ರಾಂ ಎಂದಿಟ್ಟುಕೊಳ್ಳಿ. ಹಾಗಾದರೆ ಸ್ಪ್ರಿಂಗ್ ಹೊರಬೇಕಾದದ್ದು ಮುಂದೆ 800, ಹಿಂದೆ 1200 ಗ್ರಾಂ.

ಈ ಎರಡು ಸಂಖ್ಯೆಗಳನ್ನು ಗಮನಿಸಿ. ಒಟ್ಟು ತೂಕ ನೋಡಿದರೆ ಮುಂದೆ ಹಿಂದೆ ಅಷ್ಟೇನೂ ವ್ಯತ್ಯಾಸವಿಲ್ಲ ಅನಿಸುತ್ತದೆ. ಸ್ಪ್ರಿಂಗ್ ಕಣ್ಣಿಗೆ ಹಿಂದಿನ ಭಾರ ಮುಂದಿನದರ ಒಂದೂವರೆ ಪಟ್ಟು.

ಲಕ್ಷಣ: ನಿಂತಲ್ಲೇ ತಗ್ಗಿರುತ್ತದೆ

ಚಾಸಿಯನ್ನು ಚಕ್ರ ನೆಲ ಬಿಡುವ ಹಂತದವರೆಗೆ ಎತ್ತಿ ಅದರ ಎತ್ತರ ಅಳೆಯಿರಿ. ಆಮೇಲೆ ಒಂದು ಗೇಣಿನಷ್ಟು ಎತ್ತರದಿಂದ ಟ್ರಕ್ ಬಿಟ್ಟು, ಅದು ಕೂತ ಮೇಲೆ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಕುಸಿತ. ಒರಟು ನೆಲದಲ್ಲಿ ಓಡುವ ಟ್ರಕ್‌ಗೆ ಚಕ್ರದ ಒಟ್ಟು ಚಲನೆಯ 25ರಿಂದ 30 ಶೇಕಡಾ ಕುಸಿತ ಒಳ್ಳೆಯ ಹದ. ಬಹಳಷ್ಟು ಟ್ರಕ್‌ಗಳಲ್ಲಿ ಡ್ರೈವ್‌ಶಾಫ್ಟ್ ನೆಲಕ್ಕೆ ಹೆಚ್ಚುಕಡಿಮೆ ಸಮವಾಗಿ ಕಂಡರೆ ಆ ಹದದ ಆಸುಪಾಸಿನಲ್ಲಿದ್ದೀರಿ.

ನಮ್ಮ ಉದಾಹರಣೆಯಲ್ಲಿ ಚಕ್ರದ ಒಟ್ಟು ಚಲನೆ 70 ಮಿ.ಮೀ. ಬೇಕಾದ ಕುಸಿತ 21 ಮಿ.ಮೀ. ಹಿಂದೆ ಅಳೆದರೆ 35 ಮಿ.ಮೀ. ಬರುತ್ತಿದೆ. ಅಂದರೆ ಅರ್ಧ ಚಲನೆ ನಿಂತಲ್ಲೇ ಖರ್ಚಾಗಿದೆ.

ಏನು ಬದಲಿಸಬೇಕೆಂದು ತಿಳಿಯಲು ಎರಡು ಸಂಖ್ಯೆ ಬೇಕು.

ಮೊದಲನೆಯದು, ಚಕ್ರ ಎಷ್ಟು ಚಲಿಸಿದರೆ ಶಾಕ್ ಎಷ್ಟು ಚಲಿಸುತ್ತದೆ ಎಂಬ ಅನುಪಾತ. ಸ್ಪ್ರಿಂಗ್ ತೆಗೆದು, ಟ್ರಕ್ ನಿಲ್ಲುವ ಎತ್ತರದ ಆಸುಪಾಸಿನಲ್ಲಿ ಚಕ್ರವನ್ನು 20 ಮಿ.ಮೀ. ಎತ್ತಿ. ಶಾಕ್‌ನ ಉದ್ದ ಎಷ್ಟು ಕಡಿಮೆಯಾಯಿತು ನೋಡಿ. 11 ಮಿ.ಮೀ. ಆದರೆ ಅನುಪಾತ 0.55. ಶಾಕ್ ಆರ್ಮ್‌ನ ನಡುವೆ, ವಾರೆಯಾಗಿ ಕೂತಿರುವುದರಿಂದ ಹೀಗಾಗುತ್ತದೆ. ಚಕ್ರದ ಮೇಲಿನ 1200 ಗ್ರಾಂ ಭಾರ ಸ್ಪ್ರಿಂಗ್ ಮೇಲೆ 1200 ಆಗಿ ಬರುವುದಿಲ್ಲ. 1200ನ್ನು 0.55ರಿಂದ ಭಾಗಿಸಿ: ಸುಮಾರು 2180 ಗ್ರಾಂ.

ಎರಡನೆಯದು, ಈಗಿರುವ ಸ್ಪ್ರಿಂಗ್‌ನ ಬಲ. ಸ್ಪ್ರಿಂಗನ್ನು ತಕ್ಕಡಿ ಮೇಲೆ ನೆಟ್ಟಗೆ ನಿಲ್ಲಿಸಿ, ಮೇಲೊಂದು ಸಣ್ಣ ಹಲಗೆ ಇಟ್ಟು, ತಕ್ಕಡಿ ಸೊನ್ನೆ ಮಾಡಿ, 10 ಮಿ.ಮೀ. ಒತ್ತಿ ಓದಿ. 900 ಗ್ರಾಂ ತೋರಿಸಿದರೆ ಅದರ ಬಲ ಮಿ.ಮೀ.ಗೆ 90 ಗ್ರಾಂ. 20 ಮಿ.ಮೀ. ಒತ್ತಿ 1800 ಬರುತ್ತದೆಯೇ ನೋಡಿ. ಅದಕ್ಕಿಂತ ತುಂಬಾ ಜಾಸ್ತಿ ಬಂದರೆ ನಿಮ್ಮದು ಒತ್ತಿದಷ್ಟೂ ಗಟ್ಟಿಯಾಗುವ ಬಗೆಯ ಸ್ಪ್ರಿಂಗ್. ಅದರ ಸುರುಳಿಗಳು ಒಂದು ತುದಿಯಲ್ಲಿ ಹತ್ತಿರ ಹತ್ತಿರ ಇರುತ್ತವೆ. ಸ್ಪ್ರಿಂಗ್ ಡಬ್ಬಿಯ ಮೇಲೆ ಬಲ ಬೇರೆ ಅಳತೆಯಲ್ಲಿದ್ದರೆ ಹೀಗೆ ಹೊಂದಿಸಿಕೊಳ್ಳಿ: ಮಿ.ಮೀ.ಗೆ 1 ನ್ಯೂಟನ್ ಅಂದರೆ ಸುಮಾರು 102 ಗ್ರಾಂ. ಇಂಚಿಗೆ 1 ಪೌಂಡ್ ಅಂದರೆ ಮಿ.ಮೀ.ಗೆ ಸುಮಾರು 18 ಗ್ರಾಂ.

ಬಣ್ಣ ನಂಬಬೇಡಿ. ಒಂದು ಕಂಪನಿಯ ಕೆಂಪು ಸ್ಪ್ರಿಂಗ್ ಇನ್ನೊಂದರ ಕೆಂಪು ಅಲ್ಲ. ಕಣ್ಣಳತೆಯನ್ನೂ ನಂಬಬೇಡಿ. ಸುರುಳಿಯ ಅಗಲ ಮತ್ತು ಸುತ್ತುಗಳು ಅಷ್ಟೇ ಇದ್ದು ತಂತಿ ಮಾತ್ರ 1.5ರಿಂದ 1.6 ಮಿ.ಮೀ. ಆದರೆ ಬಲ ಸುಮಾರು 29 ಶೇಕಡಾ ಏರುತ್ತದೆ. ತಂತಿಯ ದಪ್ಪ ಲೆಕ್ಕದಲ್ಲಿ ನಾಲ್ಕನೆಯ ಘಾತವಾಗಿ ಬರುತ್ತದೆ, ಅದಕ್ಕೇ.

ಈಗ ಲೆಕ್ಕ. 2180 ಗ್ರಾಂ ಹೊರಲು 90ರ ಸ್ಪ್ರಿಂಗ್ ಒಟ್ಟು 24.2 ಮಿ.ಮೀ. ಒತ್ತಿಕೊಳ್ಳಬೇಕು. ಶಾಕ್ ಮೇಲಿನ ತಿರುಗಿಸುವ ಬಳೆ, ಅಂದರೆ ಪ್ರೀಲೋಡ್ ಕಾಲರ್, ಅದನ್ನು ಮೊದಲೇ 5 ಮಿ.ಮೀ. ಒತ್ತಿಟ್ಟಿದೆ (ಈ ಮೊದಲ ಒತ್ತುವಿಕೆಯೇ ಪ್ರೀಲೋಡ್). ಉಳಿದ 19.2 ಮಿ.ಮೀ. ಶಾಕ್ ಕುಸಿಯುತ್ತದೆ. ಚಕ್ರದಲ್ಲಿ ಅದು 35 ಮಿ.ಮೀ. ಅಳತೆಗೂ ಲೆಕ್ಕಕ್ಕೂ ತಾಳೆಯಾಯಿತು. ತಾಳೆಯಾಗದಿದ್ದರೆ ಮತ್ತೆ ಬಿಗಿತದ ಪರೀಕ್ಷೆಗೆ ಹೋಗಿ, ಎಲ್ಲೋ ಏನೋ ಹಿಡಿಯುತ್ತಿದೆ.

ಸರಿಪಡಿಸಲು ಮೂರು ದಾರಿ ಇವೆ.

ಸುಲಭದ್ದು ಕಾಲರ್ ತಿರುಗಿಸುವುದು. 35ರಿಂದ 21ಕ್ಕೆ ಬರಲು ಪ್ರೀಲೋಡ್ 5ರಿಂದ ಸುಮಾರು 12.7 ಮಿ.ಮೀ.ಗೆ ಏರಿಸಬೇಕು. ಟ್ರಕ್ ಎತ್ತರಕ್ಕೆ ಬರುತ್ತದೆ, ನೋಡಲು ಎಲ್ಲ ಸರಿ. ಆದರೆ ಸ್ಪ್ರಿಂಗ್ ಗಟ್ಟಿಯಾಗಲಿಲ್ಲ! ಮೊದಲೂ ಮಿ.ಮೀ.ಗೆ 90, ಈಗಲೂ 90. ಕಾಲರ್ ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಅನ್ನುವುದು ಈ ಹವ್ಯಾಸದಲ್ಲಿ ಸಾಯದೆ ಉಳಿದಿರುವ ನಂಬಿಕೆ. ಕೈಯಿಂದ ಒತ್ತಿದಾಗ ಗಟ್ಟಿ ಅನಿಸುವುದು ನಿಜ, ಯಾಕೆಂದರೆ ಒತ್ತುವಿಕೆ ಶುರುವಾಗುವ ಜಾಗವೇ ಮೇಲಕ್ಕೆ ಹೋಗಿದೆ. ಆಮೇಲಿನ ಏರಿಕೆ ಮೊದಲಿನಷ್ಟೇ.

ಎರಡನೆಯದು ಶಾಕ್ ಕೂರುವ ತೂತು ಬದಲಿಸುವುದು. ಆರ್ಮ್‌ನಲ್ಲಿ ಹೊರಗಿನ ತೂತಿದ್ದರೆ ಕೆಳ ತುದಿಯನ್ನು ಅಲ್ಲಿಗೆ ಸರಿಸಿ. ಅನುಪಾತ 0.55ರಿಂದ 0.60 ಆಯಿತು ಅನ್ನಿ. ಚಕ್ರದಲ್ಲಿ ಸಿಗುವ ಬಲ ಅನುಪಾತದ ವರ್ಗದಂತೆ ಏರುತ್ತದೆ, ಅಂದರೆ 19 ಶೇಕಡಾ. ಅದೇ 90ರ ಸ್ಪ್ರಿಂಗ್, ಅದೇ 5 ಮಿ.ಮೀ. ಪ್ರೀಲೋಡ್. ಕುಸಿತ 35ರಿಂದ ಸುಮಾರು 29ಕ್ಕೆ ಇಳಿಯುತ್ತದೆ. ಖರ್ಚಿಲ್ಲ. ಆದರೆ ಶಾಕ್ ಈಗ ಜಾಸ್ತಿ ಚಲಿಸಬೇಕು. ಚಾಸಿ ನೆಲ ಮುಟ್ಟುವ ಮುಂಚೆ ಶಾಕ್ ತಳ ಮುಟ್ಟುತ್ತದೆಯೇ, ಚಕ್ರಕ್ಕೆ ತಾಗುತ್ತದೆಯೇ ನೋಡಿಕೊಳ್ಳಿ. ಮೇಲಿನ ತುದಿಯನ್ನು ಹೊರಗೆ ತಂದು ಶಾಕನ್ನು ನೆಟ್ಟಗೆ ಮಾಡಿದರೂ ಗಟ್ಟಿಯಾಗುತ್ತದೆ, ಆದರೆ ಇಷ್ಟಲ್ಲ.

ಮೂರನೆಯದು ನಿಜವಾಗಿಯೂ ಗಟ್ಟಿ ಸ್ಪ್ರಿಂಗ್. ಚಕ್ರದಲ್ಲಿ 21 ಮಿ.ಮೀ. ಅಂದರೆ ಶಾಕ್‌ನಲ್ಲಿ 11.5. ಪ್ರೀಲೋಡ್ 5 ಸೇರಿಸಿದರೆ 16.5. 2180ನ್ನು ಅದರಿಂದ ಭಾಗಿಸಿದರೆ 132. ಮಿ.ಮೀ.ಗೆ 130 ಗ್ರಾಂ ಆಸುಪಾಸಿನ ಸ್ಪ್ರಿಂಗ್ ಬೇಕು.

ಕಾಲರ್ ದಾರಿಗೂ ಸ್ಪ್ರಿಂಗ್ ದಾರಿಗೂ ವ್ಯತ್ಯಾಸ ಕಾಣುವುದು ಶಾಕ್ ಪೂರ್ತಿ ಒತ್ತಿದಾಗ (ಚಕ್ರದ 70 ಮಿ.ಮೀ. ಅಂದರೆ ಶಾಕ್‌ನಲ್ಲಿ 38.5). 90ರ ಸ್ಪ್ರಿಂಗ್‌ಗೆ 12.7 ಪ್ರೀಲೋಡ್ ಕೊಟ್ಟರೆ ಕೊನೆಯಲ್ಲಿ ಸುಮಾರು 4600 ಗ್ರಾಂ ತಡೆ ಸಿಗುತ್ತದೆ. 130ರ ಸ್ಪ್ರಿಂಗ್ 5 ಪ್ರೀಲೋಡ್‌ನಲ್ಲೇ ಸುಮಾರು 5650 ಗ್ರಾಂ ಕೊಡುತ್ತದೆ. ನಿಂತ ಎತ್ತರ ಎರಡರಲ್ಲೂ ಒಂದೇ. ಇಳಿದಾಗ ಸಿಗುವ ಬಲ ಒಂದೇ ಅಲ್ಲ. ನನ್ನ ಅಭಿಪ್ರಾಯದಲ್ಲಿ ಪ್ರೀಲೋಡ್ ಇರುವುದು 3ರಿಂದ 4 ಮಿ.ಮೀ. ಎತ್ತರ ಹೊಂದಿಸಿಕೊಳ್ಳುವುದಕ್ಕೆ. ಅದಕ್ಕಿಂತ ಜಾಸ್ತಿ ಬೇಕಾದರೆ ಸ್ಪ್ರಿಂಗ್ ಬದಲಿಸುವ ಹೊತ್ತು ಬಂದಿದೆ.

ಇನ್ನು ಮುಂದಿನ ಚಕ್ರ. 800 ಗ್ರಾಂ, ಅನುಪಾತ ಅಷ್ಟೇ ಎಂದಿಟ್ಟುಕೊಂಡರೆ ಬೇಕಾದ ಬಲ 88. ಅಂದರೆ ಈಗಿರುವ 90ರ ಸ್ಪ್ರಿಂಗ್ ಮುಂದೆ ಸರಿಯಾಗೇ ಇದೆ! ನಾಲ್ಕರ ಸೆಟ್ ತಂದು ನಾಲ್ಕೂ ಕಡೆ ಹಾಕಿದ್ದರೆ ಮುಂಭಾಗ ಮರದಂತಾಗಿ ಸ್ಟೀರಿಂಗ್ ಹಿಡಿತ ಹೋಗುತ್ತಿತ್ತು. ಲೆಕ್ಕ ಹಾಕುವ ತಲೆನೋವು ಯಾಕೆ ಅನ್ನುವವರಿಗೆ ನಾನು ತೋರಿಸುವುದು ಇದೊಂದನ್ನೇ.

ಸುರುಳಿ ಕತ್ತರಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ನಿಜ. ಸುತ್ತು ಕಡಿಮೆಯಾದಷ್ಟೂ ಬಲ ಏರುತ್ತದೆ. ಆದರೆ ಉದ್ದವೂ ಕಡಿಮೆಯಾಗುತ್ತದೆ, ತುದಿ ಕಪ್‌ನಲ್ಲಿ (ಸ್ಪ್ರಿಂಗ್ ತುದಿ ಹಿಡಿಯುವ ತಟ್ಟೆ) ಸರಿಯಾಗಿ ಕೂರುವುದಿಲ್ಲ, ಎಡ ಬಲ ಒಂದೇ ಅಳತೆಗೆ ಕತ್ತರಿಸುವುದೂ ಕಷ್ಟ. ಭಾರದ ಟ್ರಕ್‌ಗೆ ಬೇಡ.

ಲಕ್ಷಣ: ಎತ್ತರ ಸರಿಯಿದೆ, ಜಿಗಿದು ಇಳಿದಾಗ ತಳ ಬಡಿಯುತ್ತದೆ

ದೊಡ್ಡ ಜಿಗಿತಕ್ಕೆ ಚಾಸಿ ನೆಲ ಮುಟ್ಟುವುದು ದೋಷವಲ್ಲ. ಮುಟ್ಟಬೇಕು ಕೂಡ. ಭಾರದ ಟ್ರಕ್‌ನಲ್ಲಿ ಕೊನೆಯ ಪೆಟ್ಟನ್ನು ಚಾಸಿ ತಿನ್ನಬೇಕೇ ಹೊರತು ಶಾಕ್ ಅಲ್ಲ. ಶಾಕ್ ಮೊದಲು ತಳ ಮುಟ್ಟಿದರೆ ಅದರ ಮುಚ್ಚಳ, ತುದಿಯ ಕೊಂಡಿ ಅಥವಾ ಶಾಕ್ ಟವರ್ (ಶಾಕ್‌ನ ಮೇಲಿನ ತುದಿ ಕೂರುವ ಪಟ್ಟಿ) ಮುರಿಯುತ್ತದೆ. ಸ್ಪ್ರಿಂಗ್ ತೆಗೆದು ಟ್ರಕ್ಕನ್ನು ಮೇಜಿಗೆ ಪೂರ್ತಿ ಒತ್ತಿ ನೋಡಿ. ಚಾಸಿ ಮೇಜು ಮುಟ್ಟಿದಾಗಲೂ ಶಾಕ್ ಶಾಫ್ಟ್ ಒಂದೆರಡು ಮಿ.ಮೀ. ಹೊರಗೆ ಉಳಿದಿರಬೇಕು. ದೊಡ್ಡ ಚಕ್ರ ಹಾಕಿದವರು ಇದನ್ನು ಮತ್ತೆ ನೋಡಲೇಬೇಕು. ಚಕ್ರ ದೊಡ್ಡದಾದಷ್ಟೂ ಚಾಸಿ ನೆಲದಿಂದ ಮೇಲೇರುತ್ತದೆ, ಮೊದಲು ತಳ ಮುಟ್ಟುವ ಸರದಿ ಶಾಕ್‌ಗೆ ಬರುತ್ತದೆ.

ದೋಷ ಅನ್ನಬೇಕಾದದ್ದು ಸಣ್ಣ ಎತ್ತರದಿಂದ ಬಿದ್ದರೂ ಜೋರಾಗಿ ಬಡಿಯುವುದು. ಶಾಫ್ಟ್‌ಗೆ ಸಣ್ಣ ಕೇಬಲ್ ಟೈ ಬಿಗಿಯಾಗಿ ಕಟ್ಟಿ ಶಾಕ್ ಬಾಡಿಯವರೆಗೆ ಸರಿಸಿ. ಟ್ರಕ್ಕನ್ನು 30 ಸೆಂ.ಮೀ. ಎತ್ತರದಿಂದ ಸಮವಾಗಿ ಬಿಡಿ. ಟೈ ಎಲ್ಲಿಯವರೆಗೆ ಸರಿದಿದೆ ನೋಡಿದರೆ ಎಷ್ಟು ಚಲನೆ ಬಳಕೆಯಾಯಿತು ಗೊತ್ತಾಗುತ್ತದೆ. ಇಷ್ಟು ಎತ್ತರಕ್ಕೇ ಎಲ್ಲ ಮುಗಿದಿದ್ದರೆ, ಕುಸಿತವೂ ಸರಿಯಿದ್ದರೆ, ಸ್ಪ್ರಿಂಗ್ ಬಿಡಿ, ಆಯಿಲ್ ನೋಡಿ.

ಆಯಿಲ್ ಆರಿಸುವಾಗ ಅದರ ದಪ್ಪ ಹೇಳುವ ಸೆಂಟಿಸ್ಟೋಕ್ ಅಂಕಿ ನೋಡಿ ಕೊಳ್ಳಿ. ದಪ್ಪಕ್ಕೇ ಬರೆಯುವ ಇನ್ನೊಂದು ಅಂಕಿ, ವೇಟ್, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಎಷ್ಟು ದಪ್ಪ ಬೇಕು ಎಂಬುದಕ್ಕೂ ಲೆಕ್ಕ ಇದೆ. ಬೇಕಾದ ತಡೆ, ಭಾರ ಮತ್ತು ಸ್ಪ್ರಿಂಗ್ ಬಲ ಎರಡರ ಗುಣಲಬ್ಧದ ವರ್ಗಮೂಲದಂತೆ ಏರುತ್ತದೆ. ಟ್ರಕ್ ಕಾಲು ಭಾಗ ಭಾರವಾಗಿ, ಸ್ಪ್ರಿಂಗ್ ಕೂಡ ಕಾಲು ಭಾಗ ಗಟ್ಟಿಯಾಗಿದ್ದರೆ ಆಯಿಲ್ ಕೂಡ ಕಾಲು ಭಾಗ ದಪ್ಪವಾಗಲಿ. ಭಾರ ಮೊದಲಿನಷ್ಟೇ ಇದ್ದು ಸ್ಪ್ರಿಂಗ್ ಮಾತ್ರ 90ರಿಂದ 130 ಆದರೆ ಸುಮಾರು 20 ಶೇಕಡಾ ಸಾಕು: 500 ಇದ್ದದ್ದು 600. ಇದು ಶುರುವಿಗೆ ಅಂದಾಜು, ಕೊನೆಯ ಹದ ಓಡಿಸಿಯೇ ಸಿಗಬೇಕು. ಬಿಸಿಲಲ್ಲಿ ಆಯಿಲ್ ತೆಳುವಾಗುತ್ತದೆ, ಚಳಿಯಲ್ಲಿ ದಪ್ಪವಾಗುತ್ತದೆ. ಮನೆಯೊಳಗೆ ಹೊಂದಿಸಿದ್ದು ಹೊರಗೆ ಹಾಗೇ ಇರಲಿಕ್ಕಿಲ್ಲ.

ಪಿಸ್ಟನ್ ವಿಷಯ ಇನ್ನೂ ಸೂಕ್ಷ್ಮ. ದೊಡ್ಡ ತೂತಿನ ಪಿಸ್ಟನ್‌ಗೆ ದಪ್ಪ ಆಯಿಲ್, ಸಣ್ಣ ತೂತಿನದಕ್ಕೆ ತೆಳು ಆಯಿಲ್ ಹಾಕಿದರೆ ಕೈಯಲ್ಲಿ ನಿಧಾನ ಒತ್ತಿದಾಗ ಎರಡೂ ಒಂದೇ ಥರ. ವೇಗವಾಗಿ ಒತ್ತಿದಾಗ ಸಣ್ಣ ತೂತಿನದು ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಜಿಗಿದು ಇಳಿಯುವ ಹೊತ್ತಿಗೆ ಈ ಬಿಗಿತ ಉಪಕಾರಿ, ಕಲ್ಲುಗಳ ಮೇಲೆ ವೇಗವಾಗಿ ಓಡುವಾಗ ಅಪಕಾರಿ. ಟ್ರಕ್ ಸಣ್ಣ ಗುಂಡಿಗಳಲ್ಲಿ ಚೆನ್ನಾಗಿ ಓಡಿ, ಜಿಗಿತಕ್ಕೆ ಮಾತ್ರ ಸೋತರೆ ತೂತು ಸಣ್ಣ ಮಾಡಿ. ಜಿಗಿತಕ್ಕೆ ಚೆನ್ನಾಗಿದ್ದು ಒರಟು ದಾರಿಯಲ್ಲಿ ಚಕ್ರ ಪಟಪಟ ಹಾರಿದರೆ ತೂತು ದೊಡ್ಡದು ಮಾಡಿ, ಆಯಿಲ್ ಸ್ವಲ್ಪ ದಪ್ಪ ಹಾಕಿ.

ಲಕ್ಷಣ: ಬಿದ್ದ ಮೇಲೆ ಮತ್ತೆ ಪುಟಿಯುತ್ತದೆ

ಇದು ಹೆಚ್ಚಾಗಿ ಗಟ್ಟಿ ಸ್ಪ್ರಿಂಗ್ ಹಾಕಿ ಹಳೇ ಆಯಿಲ್ ಬಿಟ್ಟವರ ದೋಷ. ಒತ್ತಿಕೊಂಡ ಸ್ಪ್ರಿಂಗ್ ಬಿಡಿಸಿಕೊಳ್ಳುವಾಗ ಅದನ್ನು ಹಿಡಿದು ನಿಧಾನ ಮಾಡುವಷ್ಟು ತಡೆ ಆಯಿಲ್‌ನಲ್ಲಿಲ್ಲ. ಹಿಂಭಾಗವನ್ನು ಕೈಯಿಂದ ಪೂರ್ತಿ ಒತ್ತಿ ಬಿಡಿ. ಮೇಲೆ ಬಂದು, ಹೆಚ್ಚೆಂದರೆ ಒಂದು ಕೂದಲೆಳೆ ಮೇಲೆ ಹೋಗಿ, ನಿಲ್ಲಬೇಕು. ಎರಡು ಸಲ ಕುಲುಕಿದರೆ ಆಯಿಲ್ ತೆಳು. ಮೇಲಿನ ಲೆಕ್ಕದಂತೆ ಏರಿಸಿ.

ಒಂದು ಎಚ್ಚರಿಕೆ: ದೊಡ್ಡ ಟೈರುಗಳು ತಾವೇ ಪುಟಿಯುತ್ತವೆ. ಒಳಗಿನ ಫೋಮ್ ಹಾಳಾದ ಟೈರಾದರೆ ಇನ್ನೂ ಜಾಸ್ತಿ. ಶಾಕ್ ಚಲಿಸದೆ ಟೈರ್ ಮಾತ್ರ ಕುಣಿಯುತ್ತಿದ್ದರೆ ಆಯಿಲ್ ಎಷ್ಟು ದಪ್ಪ ಮಾಡಿದರೂ ಸುಮ್ನೆ.

ಲಕ್ಷಣ: ನಿಂತಾಗ ಸರಿ, ಓಡುತ್ತಾ ಓಡುತ್ತಾ ತಗ್ಗುತ್ತದೆ

ಇದನ್ನು ಮೆದು ಸ್ಪ್ರಿಂಗ್ ಎಂದು ತಪ್ಪು ತಿಳಿಯುವುದು ತುಂಬಾ ಸುಲಭ. ಸಾಲು ಸಾಲು ಉಬ್ಬುಗಳ ಮೇಲೆ ಟ್ರಕ್ ಮೊದಲು ಚೆನ್ನಾಗಿ ಹೋಗುತ್ತದೆ, ಆಮೇಲೆ ಹಿಂಭಾಗ ಕೆಳಗಿಳಿದು ಚಾಸಿ ಉಜ್ಜತೊಡಗುತ್ತದೆ. ಕಾರಣ ಆಯಿಲ್ ಅತಿ ದಪ್ಪ. ಒಂದು ಉಬ್ಬಿಗೆ ಒತ್ತಿಕೊಂಡ ಶಾಕ್ ಪೂರ್ತಿ ಹೊರಬರುವ ಮುಂಚೆ ಇನ್ನೊಂದು ಉಬ್ಬು ಬರುತ್ತದೆ. ಪ್ರತಿ ಸಲ ಸ್ವಲ್ಪ ಸ್ವಲ್ಪ ಒಳಗೇ ಉಳಿಯುತ್ತದೆ. ತಡೆಯಲೆಂದು ಇನ್ನೂ ದಪ್ಪ ಆಯಿಲ್ ಹಾಕಿದರೆ ಇನ್ನೂ ತಗ್ಗುತ್ತದೆ. ಗೊತ್ತು ಮಾಡಿಕೊಳ್ಳುವುದು ಹೇಗೆ? ಕೈಯಿಂದ ಒತ್ತಿ ಬಿಡಿ. ನಿದ್ದೆಯಿಂದ ಏಳುವಂತೆ ಮೇಲೆ ಬಂದರೆ ಆಯಿಲ್ ತೆಳು ಮಾಡಿ.

ಓಡಿದ ಮೇಲೆ ನಿಲ್ಲಿಸಿದರೂ ತಗ್ಗೇ ಉಳಿದರೆ ಅದು ಬೇರೆ ದೋಷ. ಶಾಕ್ ಒಳಗೆ ಮಣ್ಣು ಸೇರಿ ಹಿಡಿಯುತ್ತಿದೆ.

ಲಕ್ಷಣ: ಒಂದು ಕಡೆ ವಾಲಿ ನಿಲ್ಲುತ್ತದೆ

ಸ್ಪ್ರಿಂಗ್‌ಗಳನ್ನು ಬಿಚ್ಚಿ ಜೋಡಿಯಾಗಿ ಪಕ್ಕಪಕ್ಕ ನಿಲ್ಲಿಸಿ. ಉದ್ದ ಒಂದೇ ಇದೆಯೇ? ಒಂದು 2 ಮಿ.ಮೀ. ಗಿಡ್ಡವಾಗಿದ್ದರೆ ಜೋಡಿಯಾಗಿಯೇ ಬದಲಿಸಿ. ಉದ್ದ ಒಂದೇ ಇದ್ದರೆ ಎಡ ಬಲ ಅದಲುಬದಲು ಮಾಡಿ ಹಾಕಿ. ವಾಲುವ ಕಡೆ ಬದಲಾದರೆ ದೋಷ ಸ್ಪ್ರಿಂಗ್‌ನದು. ಬದಲಾಗದಿದ್ದರೆ ಅಲ್ಲ. ಇಷ್ಟು ಸರಳ ಪರೀಕ್ಷೆ, ಆದರೂ ಯಾರೂ ಮಾಡುವುದಿಲ್ಲ ನೋಡಿ.

ಸ್ಪ್ರಿಂಗ್‌ನದಲ್ಲದಿದ್ದರೆ ಚಾಸಿಯ ನಡುಗೆರೆಗೆ ಹಿಂದಿನಿಂದ ಸ್ಕ್ರೂಡ್ರೈವರ್ ತುದಿ ಕೊಟ್ಟು ನಿಧಾನ ಎತ್ತಿ. ಎರಡೂ ಚಕ್ರ ಒಟ್ಟಿಗೆ ನೆಲ ಬಿಡಬೇಕು. ಮುಂದೆಯೂ ಹಾಗೇ. ಒಂದು ಮೊದಲು ಎದ್ದರೆ ಎದುರಿನ ತುದಿಯ ಪ್ರೀಲೋಡ್ ಹೊಂದಾಣಿಕೆ ತಪ್ಪಿರಬಹುದು. ಅಥವಾ ಬ್ಯಾಟರಿಯೋ ಮೋಟರೋ ಒಂದು ಬದಿಗಿದೆ. ಆಂಟಿ ರೋಲ್ ಬಾರ್ ಸೇರಿಸಿದಾಗ ಮಾತ್ರ ವಾಲಿದರೆ ಬಾರ್ ಬಗ್ಗಿದೆ, ಇಲ್ಲವೇ ಎರಡು ಲಿಂಕ್‌ಗಳ ಉದ್ದ ಬೇರೆ.

ಬ್ಯಾಟರಿ ಒಂದು ಬದಿಗಿದ್ದರೆ ಆ ಕಡೆ ಒಂದೆರಡು ಮಿ.ಮೀ. ಪ್ರೀಲೋಡ್ ಜಾಸ್ತಿ ಕೊಡಬಹುದು. ಎಡಕ್ಕೆ ಮೆದು, ಬಲಕ್ಕೆ ಗಟ್ಟಿ ಅಂತ ಬೇರೆ ಬೇರೆ ಸ್ಪ್ರಿಂಗ್ ಮಾತ್ರ ಹಾಕಬೇಡಿ. ನಿಂತಾಗ ಸಮವಾಗಿ ಕಂಡರೂ ಪ್ರತಿ ಉಬ್ಬಿಗೂ ಒಂದೊಂದು ಕಡೆ ಎಳೆಯುತ್ತದೆ.

ಲಕ್ಷಣ: ತಿರುವಿನಲ್ಲಿ ಮಗುಚುತ್ತದೆ

ಭಾರ ಎಲ್ಲಿದೆ ನೋಡಿ. ರೋಲ್ ಕೇಜ್, ಬಾಡಿಯೊಳಗಿನ ಬಲಪಟ್ಟಿ, ಮೇಲೆ ಕೂರಿಸಿದ ಲೈಟುಗಳು ಎಲ್ಲ ಎತ್ತರದಲ್ಲಿವೆ ಅಲ್ವಾ? ಸ್ಪ್ರಿಂಗ್ ಗಟ್ಟಿ ಮಾಡಿದರೆ ವಾಲುವುದು ಕಡಿಮೆಯಾಗಬಹುದು. ಆದರೆ ಟೈರ್ ಹಿಡಿತ ಜಾಸ್ತಿಯಾಗಿ ಮಗುಚುವ ಟ್ರಕ್ ವಾಲದೆಯೂ ಮಗುಚುತ್ತದೆ. ಮೊದಲು ನಿಂತ ಎತ್ತರ 5 ಮಿ.ಮೀ. ಇಳಿಸಿ ನೋಡಿ. ಆಮೇಲೆ ಆಂಟಿ ರೋಲ್ ಬಾರ್. ಎರಡೂ ಚಕ್ರ ಒಟ್ಟಿಗೆ ಮೇಲೇಳುವ ಜಿಗಿತಗಳಲ್ಲಿ ಬಾರ್ ಕೆಲಸ ಮಾಡುವುದಿಲ್ಲ, ವಾಲುವಾಗ ಮಾತ್ರ ಮಾಡುತ್ತದೆ. ಹಾಗಾಗಿ ಜಿಗಿತದ ಹದ ಕೆಡುವುದಿಲ್ಲ.

ಲಕ್ಷಣ: ಸ್ಪ್ರಿಂಗ್ ಕಟಕಟ ಅನ್ನುತ್ತದೆ, ಕಪ್ ಕಳಚಿ ಬೀಳುತ್ತದೆ

ಟ್ರಕ್ ಎತ್ತಿದಾಗ ಸ್ಪ್ರಿಂಗ್ ಸಡಿಲವಾಗಿ ತಿರುಗಿದರೆ ಪ್ರೀಲೋಡ್ ಸಾಲದು, ಅಥವಾ ಸ್ಪ್ರಿಂಗ್ ಗಿಡ್ಡ. ಗಾಳಿಯಲ್ಲಿ ಚಕ್ರ ಪೂರ್ತಿ ಇಳಿದಾಗ ಕೆಳಗಿನ ಕಪ್ ಜಾರುತ್ತದೆ. ಕನಿಷ್ಠ 1ರಿಂದ 2 ಮಿ.ಮೀ. ಪ್ರೀಲೋಡ್ ಯಾವಾಗಲೂ ಇರಲಿ.

ಪೂರ್ತಿ ಒತ್ತಿದಾಗ ಲೋಹದ ಸದ್ದು ಬಂದರೆ ಸುರುಳಿಗಳು ಒಂದಕ್ಕೊಂದು ತಾಗುತ್ತಿವೆ. ಗಟ್ಟಿ ಸ್ಪ್ರಿಂಗ್‌ನ ತಂತಿ ದಪ್ಪ, ಹಾಗಾಗಿ ಇದು ಬೇಗ ಆಗುತ್ತದೆ. ಒಟ್ಟು ಸುತ್ತುಗಳನ್ನು ತಂತಿಯ ದಪ್ಪದಿಂದ ಗುಣಿಸಿ. 10 ಸುತ್ತು, 2 ಮಿ.ಮೀ. ತಂತಿ ಆದರೆ 20 ಮಿ.ಮೀ. ಅದಕ್ಕೆ ಶಾಕ್‌ನ ಪೂರ್ತಿ ಚಲನೆ ಮತ್ತು ಪ್ರೀಲೋಡ್ ಸೇರಿಸಿ. ಬಂದ ಮೊತ್ತಕ್ಕಿಂತ ಸ್ಪ್ರಿಂಗ್‌ನ ಬಿಡಿ ಉದ್ದ ಜಾಸ್ತಿ ಇರಬೇಕು.

ಸಾಲಿಡ್ ಆಕ್ಸಲ್ ಟ್ರಕ್‌ಗಳಿಗೆ

ಗಟ್ಟಿ ಬಾಡಿ, ವಿಂಚ್, ಹಿತ್ತಾಳೆ ತೂಕ ಹಾಕಿದ ಕ್ರಾಲರ್‌ಗಳಲ್ಲಿ ತೂಗುವ ಬಗೆ ಅದೇ, ಆದರೆ ಕಳೆಯಬೇಕಾದ ಭಾರ ಬೇರೆ. ಆಕ್ಸಲ್, ಅದರೊಳಗಿನ ಗೇರ್, ಹಿತ್ತಾಳೆ ತೂಕ ಎಲ್ಲ ನೆಲಕ್ಕೇ ಹೋಗುತ್ತದೆ. ಅದಕ್ಕೇ ಆಕ್ಸಲ್‌ಗೆ ಹಿತ್ತಾಳೆ ಸೇರಿಸಿದವರಿಗೆ ಗಟ್ಟಿ ಸ್ಪ್ರಿಂಗ್ ಬೇಕಾಗುವುದಿಲ್ಲ. ಗಟ್ಟಿ ಬಾಡಿ ಹಾಕಿದವರಿಗೆ ಬೇಕಾಗುತ್ತದೆ. ಥ್ರಾಟಲ್ ಕೊಟ್ಟಾಗ ಚಾಸಿ ಒಂದು ಬದಿಗೆ ತಿರುಚಿಕೊಂಡರೆ ಅದು ಡ್ರೈವ್‌ಶಾಫ್ಟ್ ತಿರುಗುವ ಬಲದ ಪರಿಣಾಮ. ಮೆದು ಸ್ಪ್ರಿಂಗ್ ಇದ್ದಷ್ಟೂ ಜಾಸ್ತಿ ಕಾಣುತ್ತದೆ. ಹಿಂದಿನ ಸ್ಪ್ರಿಂಗ್ ಸ್ವಲ್ಪ ಗಟ್ಟಿ ಮಾಡಿ ಅಥವಾ ಹಿಂದೆ ಮೆದುವಾದ ಆಂಟಿ ರೋಲ್ ಬಾರ್ ಹಾಕಿ. ಮುಂದಿನದನ್ನು ಮುಟ್ಟಬೇಡಿ, ಬಂಡೆ ಹತ್ತುವಾಗ ಮುಂದಿನ ಚಕ್ರಗಳು ಸಡಿಲವಾಗಿ ಹೊಂದಿಕೊಳ್ಳಬೇಕು.

ಬದಲಿಸಿದ ಮೇಲೆ

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸ್ಪ್ರಿಂಗ್, ಆಯಿಲ್, ಪಿಸ್ಟನ್ ಮೂರೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತು ಗೊತ್ತಾಗುವುದಿಲ್ಲ. ಹೊಸ ಸ್ಪ್ರಿಂಗ್ ಹಾಕುವ ಮುಂಚೆ ಅದರ ಬಿಡಿ ಉದ್ದ ಅಳೆದು ಬರೆದಿಡಿ. ಕೆಲವು ಬ್ಯಾಟರಿ ಓಡಿಸಿದ ಮೇಲೆ ಮತ್ತೆ ಬಿಚ್ಚಿ ಅಳೆಯಿರಿ. ಅರ್ಧ ಮಿ.ಮೀ. ಗಿಡ್ಡವಾಗಿದ್ದರೆ ಅಷ್ಟು ಕಾಲರ್ ತಿರುಗಿಸಿ ಎತ್ತರ ಸರಿಮಾಡಿ. ಪ್ರತಿ ಸಲ ಅಳೆದಾಗಲೂ ಇನ್ನಷ್ಟು ಗಿಡ್ಡವಾಗುತ್ತಲೇ ಇದ್ದರೆ ಆ ತಂತಿ ಒಳ್ಳೆಯದಲ್ಲ, ವಾಪಸ್ ಕೊಡಿ.